ಬಿರುಕು ಬಿಟ್ಟ ಮೂಳೆಯ ಖುಷಿ

ಬೆಳಗೊಳದ ನಾಲೆ ಏರಿ ಮೇಲೆ ದಿನಾ ಓಡುತ್ತಿದ್ದ ನನಗೆ ಮೊಣಕಾಲಿನ ಕೆಳಗೆ ಶುರುವಾದ ನೋವು ತಿಂಗಳುಗಟ್ಟಲೆ ಹೋಗಲೇ ಇಲ್ಲ. ಎಕ್ಸ್‌ರೇಯಲ್ಲೂ ಏನೂ ಕಾಣಲಿಲ್ಲ. "ಡೈರಿಗೆ ಹಾಲು ತಕೊಂಡೋಗು ಅಂದ್ರೆ ಮಾತ್ರ ನಿನ್ ಕಾಲು ನೋಯ್ತದೆ ಕಣ್ಲಾ" ಅಂತ ಅಣ್ಣ ತೀರ್ಪೇ ಕೊಟ್ಟುಬಿಟ್ಟಿದ್ದ.

ಕೊನೆಗೆ ಬೆಳ್ಳೂರಿನಲ್ಲೊಬ್ಬ ಡಾಕ್ಟರಮ್ಮ ಸ್ಕ್ಯಾನಿಂಗ್ ಮಾಡಿಸಿ, "ಓಡಿ ಓಡಿ ಮೂಳೆ ಸಣ್ಣಗೆ ಬಿರುಕು ಬಿಟ್ಟಿದೆ" ಅಂದರು. ನಾನು ನಗುತ್ತಾ ಕೈಮುಗಿದೆ.

"ಮೂಳೆ ಬಿರುಕು ಬಿಟ್ಟಿದೆ ಅಂದ್ರೆ ನಗ್ತೀರಲ್ರೀ."

"ಇನ್ನೊಂದ್ಸಲ ಅಂಗೇ ಹೇಳಿ ಮೇಡಂ" ಅಂತ ಅಣ್ಣನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಅವರು ಗಂಭೀರವಾಗಿ ಇನ್ನೊಮ್ಮೆ ಹೇಳಿದರು.

ಅಣ್ಣ, "ಮೂಳೇದೇ ಅಂತ ನಾನಾಗ್ಲೇ ಯೋಳ್ನಿಲ್ವೇನ್ಲಾ" ಅಂದ.

ಸದ್ಯಕ್ಕೆ ನಾನು ಓಡುವ ಹಾಗಿಲ್ಲ. ದಿನಾ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಡೈರಿಗೆ ಓಡುವವನು ಅವನೇ.