ಎಂಟು ಪರದೆಗಳ ಮೇಲೆ ಬಸ್ಸು ಓಡಿಸಿದ ಅಕ್ಕೋರು

ಅವರ ಬಲಗೈ ಹೆಬ್ಬೆರಳಿಗೆ ಅರ್ಧ ಉಗುರೇ ಇತ್ತು. ಉಳಿದ ಅರ್ಧ ಜಾಗದಲ್ಲಿ ಸುಟ್ಟು ಗಟ್ಟಿಯಾದ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ವೈರು ಬೆಸೆಯುವ ಸೋಲ್ಡರಿಂಗ್ ಐರನ್ ಕಾದಿದೆಯೋ ಇಲ್ಲವೋ ನೋಡಲು ನಾವೆಲ್ಲ ಅದನ್ನು ಒದ್ದೆ ಸ್ಪಂಜಿಗೆ ಒತ್ತಿ ಚುಂಯ್ ಅನ್ನಿಸುತ್ತಿದ್ದೆವು. ಅವರು ಮಾತ್ರ ಆ ಹೆಬ್ಬೆರಳನ್ನು ತುದಿಯ ಹತ್ತಿರಕ್ಕೆ ಒಯ್ದು, "ಇನ್ನಾ ಆಗಿಲ್ಲ, ನಿಲ್ಲು" ಎನ್ನುತ್ತಿದ್ದರು. ಒಂದು ದಿನವೂ ಅವರ ಲೆಕ್ಕ ತಪ್ಪಿದ್ದು ನಾನು ನೋಡಲಿಲ್ಲ.

ನಾನು ಡಿಪ್ಲೊಮಾ ಓದುವಾಗ ನಮ್ಮ ಎಲೆಕ್ಟ್ರಾನಿಕ್ಸ್ ಲ್ಯಾಬು ಅವರ ಕೈಯಲ್ಲಿತ್ತು. ಪಾಠ ಮಾಡುವವರಿಗೆ ಮೇಡಂ, ಲ್ಯಾಬು ನೋಡಿಕೊಳ್ಳುವವರಿಗೆ ಅಕ್ಕೋರು. ಈ ಮೇಲು ಕೀಳು ಯಾರೂ ಹೇಳಿಕೊಡದೆ ನಮ್ಮ ಕಾಲೇಜಿನಲ್ಲಿ ನಡೆದುಕೊಂಡು ಬಂದಿತ್ತು. ಅಕ್ಕೋರು ಗುತ್ತಿಗೆಯ ಮೇಲಿದ್ದವರು. ವರ್ಷ ವರ್ಷವೂ ಹೊಸ ಆದೇಶ ಬಂದರೆ ಮಾತ್ರ ಕೆಲಸ. ತೇರಗಾಂವದ ಆಚೆಯ ಹಳ್ಳಿಯ ಸಿದ್ದಿ ಮನೆತನ ಅವರದು; ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದು ಇಲ್ಲೇ ನೆಲೆನಿಂತವರು. ಹೊರಗಿನಿಂದ ಬಂದ ಪರೀಕ್ಷಕರೊಬ್ಬರು ಒಮ್ಮೆ ಅವರ ಗುಂಗುರು ಕೂದಲನ್ನೇ ನೋಡುತ್ತ, "ನೀವು ಯಾವ ದೇಶದವರು?" ಎಂದು ಕೇಳಿದರು. ಅಕ್ಕೋರು ಮೀಟರಿನಿಂದ ಕಣ್ಣು ಕೀಳದೆ, "ತೇರಗಾಂವ ದಾಟಿದ್ರ ನಮ್ಮ ದೇಶ ಬರ್ತೈತ್ರಿ. ಬಸ್ ಐತಿ, ಪಾಸ್‌ಪೋರ್ಟ್ ಬ್ಯಾಡ" ಎಂದರು. ಪರೀಕ್ಷಕರು ನಕ್ಕು ತೇಲಿಸಲು ನೋಡಿದರು. ಅಕ್ಕೋರು ನಗಲಿಲ್ಲ.

ಅವರು ಮರೆಯುವ ಪೈಕಿ ಅಲ್ಲ. ಕ್ಯಾಂಟೀನಿನವನು ಎಂದೋ ಒಮ್ಮೆ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟು ಇವರಿಗೆ ಮಾತ್ರ ಕಾಗದದ ಕಪ್ಪಿನಲ್ಲಿ ಕೊಟ್ಟಿದ್ದನಂತೆ. ಅಂದಿನಿಂದ ಅವರು ಮನೆಯಿಂದಲೇ ಥರ್ಮಾಸ್ ತರುತ್ತಿದ್ದರು. ತಂದದ್ದನ್ನು ಲ್ಯಾಬಿನಲ್ಲಿ ಕುಡಿಯುತ್ತಿರಲಿಲ್ಲ. ದಿನಾ ಹನ್ನೊಂದಕ್ಕೆ ಕ್ಯಾಂಟೀನಿನ ಎದುರಿನ ಕಟ್ಟೆಗೆ ಹೋಗಿ ಕೂತು, ಅವನಿಗೆ ಕಾಣುವ ಹಾಗೆ ಸೊರ್ ಸೊರ್ ಎಂದು ಕುಡಿಯುತ್ತಿದ್ದರು. "ಎಷ್ಟ ವರ್ಷ ಆತ್ರಿ, ಬಿಟ್ಟ ಬಿಡ್ರಿ ಅಕ್ಕೋರ" ಎಂದೆ. "ಯಾಕ ಬಿಡ್ಲಿ? ನಾ ಮರ್ತಿಲ್ಲ ಅಂತ ಅಂವಗ ದಿನಾ ಗೊತ್ತಾಗ್ಬೇಕು" ಎಂದರು. ಆ ಚಹಾದಲ್ಲಿ ನನಗೂ ಅರ್ಧ ಕೊಡುತ್ತಿದ್ದರು. ಸೇಡು ಅಂದರೆ ಏನು ಎಂದು ನಾನು ಕಲಿತದ್ದು ಅಲ್ಲೇ, ಆ ಕಟ್ಟೆಯ ಮೇಲೆ.

ಆ ವರ್ಷ ಕಾಲೇಜಿಗೆ ಎಂಟು ಮೈಕ್ರೋಕಂಟ್ರೋಲರ್ ಬೋರ್ಡುಗಳು ಬಂದವು. ಅಂಗೈಯಗಲದ ಹಸಿರು ಹಲಗೆ, ಅದಕ್ಕೆ ತನ್ನದೇ ಒಂದು ಸಣ್ಣ ಮಿದುಳು, ಮೇಲೊಂದು ಪುಟ್ಟ ಬಣ್ಣದ ಪರದೆ. ಸ್ವಿಚ್ ಹಾಕಿದರೆ ಕೆಂಪು, ಹಸಿರು, ನೀಲಿ ಬಂದು ಹೋಗಿ, ಆಮೇಲೊಂದು ಚೆಂಡು ಪುಟಿಯುತ್ತಿತ್ತು. ಬೋರ್ಡು ಮಾಡಿದ ಕಂಪನಿಯವರೇ ತುಂಬಿ ಕಳಿಸಿದ ಡೆಮೊ ಅದು. ನಮ್ಮ ವಿಭಾಗದ ಮುಖ್ಯಸ್ಥರು, ನಾವು ಹೆಡ್ ಸರ್ ಎನ್ನುತ್ತಿದ್ದವರು, ಕಾಲೇಜಿನ ವಾರ್ಷಿಕ ಪ್ರದರ್ಶನದ ದಿನ ಬರುವ ಅತಿಥಿಗಳಿಗೆ ಅದನ್ನೇ ತೋರಿಸಿದರಾಯಿತು ಎಂದರು. ಅಕ್ಕೋರು ಅವರ ಮುಂದೆ ತಲೆಯಾಡಿಸಿ, ಅವರು ಹೋದ ಮೇಲೆ, "ಯಾರೋ ಮಾಡಿದ ಚೆಂಡ ನಾವ್ಯಾಕ ಹಾರಸೂಣು? ನಮ್ಮ ಬಸ್ ಓಡಸೂಣು ತಡಿ" ಎಂದರು.

ಮೂರು ತಿಂಗಳು ಹಿಡಿಯಿತು. ಎಂಟೂ ಬೋರ್ಡುಗಳನ್ನು ಸಾಲಾಗಿ ಇಟ್ಟು, ಒಂದರಿಂದ ಒಂದಕ್ಕೆ ವೈರು ಎಳೆದರು. ಮೊದಲ ಪರದೆ ದಾಂಡೇಲಿ, ಕಾಗದದ ಕಾರ್ಖಾನೆಯ ಚಿಮಣಿ ಸಹಿತ. ನಡುವೆ ಹಳಿಯಾಳದ ಸಂತೆ, ತೇರಗಾಂವದ ಭತ್ತದ ಗದ್ದೆ, ನಮ್ಮೂರು ಇಂದೂರಿನ ಗೋವಿನಜೋಳದ ಹೊಲ. ಎಂಟನೆಯದು ಮುಂಡಗೋಡ, ಹಿಂದೆ ಟಿಬೆಟನ್ ಕಾಲೊನಿಯ ಗುಡಿಯ ಬಂಗಾರದ ಬಣ್ಣದ ಮಾಡು. ಪ್ರತಿ ಪರದೆಯಲ್ಲೂ ನಾಲ್ಕು ಜನ ಬಸ್ಸಿಗೆ ಕಾಯುತ್ತ ನಿಂತಿರುತ್ತಿದ್ದರು; ಒಬ್ಬಳ ಕಂಕುಳಲ್ಲಿ ಕೋಳಿ. ಕೆಂಪು ಬಸ್ಸು ಒಂದು ಪರದೆಯ ಬಲ ಅಂಚಿನಲ್ಲಿ ಮರೆಯಾಗಿ ಮುಂದಿನದರ ಎಡ ಅಂಚಿನಲ್ಲಿ ಮೂತಿ ತೂರಿಸುತ್ತಿತ್ತು, ಜನ ಹತ್ತುತ್ತಿದ್ದರು. ಮುಂಡಗೋಡ ಮುಟ್ಟಿದ ಮೇಲೆ ಎಂಟನೆಯ ಪರದೆಯಲ್ಲಿ 'ಮಾಡಿದವರು' ಎಂದು ಬಂದು, ಕೆಳಗೆ ಅಕ್ಕೋರ ಹೆಸರು. ಆಮೇಲೆ ಬಸ್ಸು ಮತ್ತೆ ದಾಂಡೇಲಿಗೆ. ಆ ಬೋರ್ಡಿಗೆ ಕನ್ನಡ ಅಕ್ಷರ ಗೊತ್ತಿರಲಿಲ್ಲ. ಚೌಕುಳಿ ಪುಸ್ತಕದಲ್ಲಿ ಒಂದೊಂದೇ ಚುಕ್ಕಿ ಇಟ್ಟು ಅಕ್ಷರ ಬರೆದು ಬೋರ್ಡಿಗೆ ತುಂಬುವುದನ್ನು ಅವರು ನನಗೊಬ್ಬಳಿಗೇ ಕಲಿಸಿದರು. ಅವರ ಹೆಸರಿನ ಚುಕ್ಕಿಗಳನ್ನು ಇಟ್ಟವಳು ನಾನೇ.

ಅದರಲ್ಲಿ ಒಂದು ಮರ್ಮ ಇತ್ತು. ಬೋರ್ಡುಗಳನ್ನು ಕೊನೆಯಿಂದ ಚಾಲೂ ಮಾಡಿಕೊಂಡು ಬರಬೇಕು: ಮೊದಲು ಮುಂಡಗೋಡ, ಕಡೆಗೆ ದಾಂಡೇಲಿ. ದಾಂಡೇಲಿಗೆ ಕರೆಂಟ್ ಸಿಕ್ಕಿದ ತಕ್ಷಣ ಅದು ಬಸ್ಸು ಬಿಟ್ಟುಬಿಡುತ್ತದೆ. ಮುಂದಿನ ಬೋರ್ಡು ಎದ್ದಿರದಿದ್ದರೆ ಆ ಬಸ್ಸು ಹೋದದ್ದೇ, ಬೇರೆ ಬಸ್ಸು ಬರುವುದಿಲ್ಲ. "ಇದನ್ನ ತಿದ್ದಬಹುದಲ್ರಿ ಅಕ್ಕೋರ? ಮುಂದಿಂದು ಏಳೂ ತನಕ ಕಾಯಿ ಅಂತ ಎರಡ ಸಾಲ ಬರದ್ರ ಆತು" ಎಂದೆ. "ಆತು. ಆದ್ರ ಬರ್ಯಾಂಗಿಲ್ಲ. ಮಾಡಿದವ್ರಿಗೆ ಗೊತ್ತಿರ್ತೈತಿ ಯಾವ ಕಡಿಂದ ಚಾಲೂ ಮಾಡೂದಂತ. ಬ್ಯಾರೇವ್ರು ಎಲ್ಲಾರೂ ಮೊದಲಿಂದ ಮಾಡ್ತಾರ" ಎಂದರು.

ಪ್ರದರ್ಶನದ ಹಿಂದಿನ ದಿನ ಹೆಡ್ ಸರ್ ನನ್ನನ್ನು ಕರೆದರು. ಕೊನೆಯ ಪರದೆಯ ಹೆಸರು ತೆಗೆದು ತಮ್ಮ ಹೆಸರು ಹಾಕಬೇಕಂತೆ. "ಲ್ಯಾಬ್ ಹೆಲ್ಪರ್ ಹೆಸರ ಹಾಕೂ ಪದ್ಧತಿ ಎಲ್ಲೂ ಇಲ್ಲವ್ವಾ. ನಿನ್ನ ವೈವಾ ಮಾರ್ಕ್ಸೂ ನನ್ನ ಕಡೇನ ಐತಿ, ನೆನಪಿರ್ಲಿ" ಎಂದು ನಕ್ಕರು. ಆ ನಗು ನೆನಪಾದರೆ ಈಗಲೂ ಹಲ್ಲು ಕಡಿಯುತ್ತೇನೆ. ಆವತ್ತು ಮಾತ್ರ, ಥೂ ನನ್ನ ಜನ್ಮಕ್ಕೆ, "ಹೂಂ ರೀ ಸರ್" ಎಂದೆ. ಚೌಕುಳಿ ಪುಸ್ತಕ ತೆಗೆದು ಆ ಮನುಷ್ಯನ ಹೆಸರಿಗೆ ಚುಕ್ಕಿ ಇಟ್ಟೆ. ಡಿಗ್ರಿ, ಇನಿಷಿಯಲ್ಲು ಒಂದೂ ಬಿಡದೆ ಹಾಕಿಸಿಕೊಂಡರು.

ಮರುದಿನ ಬೆಳಿಗ್ಗೆ ಅಕ್ಕೋರೇ ಎಲ್ಲ ಚಾಲೂ ಮಾಡಿದರು, ಕೊನೆಯಿಂದ ಮೊದಲಿಗೆ. ಬಸ್ಸು ಹೊರಟು ಮುಂಡಗೋಡ ಮುಟ್ಟಿತು. ಹೆಸರು ಬಂತು. ಅವರು ಪರದೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅಕ್ಷರ ತುಂಬುವುದು ನನ್ನ ಹೊರತು ಇನ್ಯಾರಿಗೂ ಗೊತ್ತಿರಲಿಲ್ಲ. ಹೋಗಿ ಹಿಂದಿನ ಗೋಡೆಗೆ ಒರಗಿ ನಿಂತರು. ಅತಿಥಿಗಳು ಬಂದರು, ಹೆಡ್ ಸರ್ ಓಡುವ ಬಸ್ಸಿನ ಮುಂದೆ ನಿಂತು ಭಾಷಣ ಹೊಡೆದರು, ಚಪ್ಪಾಳೆ, ಶಾಲು, ಫೋಟೊ.

ಮಧ್ಯಾಹ್ನ ಅಕ್ಕೋರು ನೇರ ಪ್ರಿನ್ಸಿಪಾಲರ ಕೋಣೆಗೆ ಹೋದರು. ನನ್ನನ್ನೂ ಕರೆಸಿದರು. "ಈ ಹುಡುಗಿನ್ನ ಕೇಳ್ರಿ, ಯಾರ ಮಾಡಿದ್ದಂತ" ಎಂದರು ಅಕ್ಕೋರು. ಹೆಡ್ ಸರ್ ಪಕ್ಕದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ನಾನು ನೆಲ ನೋಡುತ್ತ ಹೇಳಿದೆ: "ಸರ್ ಮಾರ್ಗದರ್ಶನದಾಗ ಆಗಿದ್ದು ರೀ."

ಮುಂದಿನ ವರ್ಷದ ಆದೇಶದಲ್ಲಿ ಅಕ್ಕೋರ ಹೆಸರು ಇರಲಿಲ್ಲ. ಕಾಲೇಜು ಬಿಡುವ ದಿನವೂ ಅವರು ಹನ್ನೊಂದಕ್ಕೆ ಕಟ್ಟೆಯ ಮೇಲೆ ಕೂತು ಚಹಾ ಕುಡಿದೇ ಹೋದರು. ನನಗೆ ಕೊಡಲಿಲ್ಲ. ತಮ್ಮ ಊರಿನಲ್ಲಿ ಮಿಕ್ಸರು, ಮೊಬೈಲ್ ಚಾರ್ಜರು, ಪಂಪಿನ ಸ್ಟಾರ್ಟರು ರಿಪೇರಿ ಮಾಡುತ್ತಾರೆ ಎಂದು ಕೇಳಿದ್ದೆ. ಹೋಗಿ ಮುಖ ತೋರಿಸುವ ಧೈರ್ಯ ನನಗಿರಲಿಲ್ಲ. ನಾನು ಮುಂದೆ ಓದಿದೆ, ಅದೇ ಕಾಲೇಜಿಗೆ ಮೇಡಂ ಆಗಿ ಬಂದೆ. ಹೆಡ್ ಸರ್ ಬೀರುವಿನ ಬೋರ್ಡುಗಳನ್ನು ಹೊರಗೆ ತೆಗೆಯದೆಯೇ ಪ್ರತಿ ವರ್ಷ ಹೊಸ ಹುಡುಗರಿಗೆ, "ಆ ಬಸ್ ಡೆಮೊ ನಾ ಮಾಡಿದ್ದು" ಎನ್ನುವುದನ್ನು ಕೇಳಿಸಿಕೊಳ್ಳುತ್ತ, ನಮಸ್ಕಾರ ಮಾಡುತ್ತ, ಒಳಗೊಳಗೇ ಕುದಿಯುತ್ತ ಕಾದೆ. ಈ ಮನುಷ್ಯನನ್ನು ನಾಲ್ಕು ಜನರ ಮುಂದೆ ಮಣ್ಣು ಮುಕ್ಕಿಸದಿದ್ದರೆ ನಾನು ನನ್ನಪ್ಪನ ಮಗಳೇ ಅಲ್ಲ ಎಂದುಕೊಂಡಿದ್ದೆ.

ಹೋದ ವರ್ಷ ಹೆಡ್ ಸರ್ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ನನ್ನ ಮಾತಿನ ಸರದಿ ಬಂದಾಗ ಬೀರುವಿನಿಂದ ಎಂಟೂ ಬೋರ್ಡುಗಳನ್ನು ತರಿಸಿ ಅವರ ಮುಂದಿನ ಮೇಜಿನ ಮೇಲೆ ಸಾಲಾಗಿ ಇಡಿಸಿದೆ. "ಸರ್ ತಮ್ಮ ಕೈಯಾರೆ ಮಾಡಿದ ಡೆಮೊ. ಹೋಗುವ ಮುಂಚೆ ಅವರ ಕೈಯಿಂದಲೇ ಒಮ್ಮೆ ನೋಡೋಣ" ಎಂದೆ. ಚಪ್ಪಾಳೆ ಬಿತ್ತು. ಕೊರಳ ಹಾರ ಸರಿಸಿಕೊಂಡು ಎದ್ದರು. ದಾಂಡೇಲಿಯಿಂದಲೇ ಶುರು ಮಾಡಿದರು! ಬಸ್ಸು ಚಿಮಣಿ ದಾಟಿತು, ಹೋಯಿತು. ಉಳಿದ ಏಳು ಪರದೆಗಳಲ್ಲೂ ಜನ ಕಾಯುತ್ತ ನಿಂತರು, ಕೋಳಿಯವಳೂ ನಿಂತಳು. ಎಲ್ಲ ಆರಿಸಿ ಮತ್ತೆ ಮೊದಲಿನಿಂದ ಹಾಕಿದರು. ಮತ್ತೆ ಹೋಯಿತು. ಮೂರನೆಯ ಸಲಕ್ಕೆ ಹಿಂದಿನ ಬೆಂಚಿನಿಂದ ಯಾರೋ, "ಸರ್, ಬಸ್ ಕೆಟ್ಟ ನಿಂತೈತ್ರಿ!" ಎಂದು ಕೂಗಿದರು. ಸಭೆ ಗೊಳ್ಳೆಂದಿತು. ಹಣೆಯ ಬೆವರು ಒರೆಸುತ್ತ ನನ್ನತ್ತ ತಿರುಗಿ, "ಇದೇನ್ರಿ ಮೇಡಂ?" ಎಂದರು. ನಾನು ಮೈಕಿನಲ್ಲೇ ಹೇಳಿದೆ: "ಮಾಡಿದವ್ರು ನೀವ ಅಲ್ಲೇನ್ರಿ ಸರ್, ನಿಮಗ ಗೊತ್ತಿರ್ಬೇಕು." ಆ ಮುಖ ನೋಡಿ ನನಗಾದ ಖುಷಿಯನ್ನು ಮುಚ್ಚಿಡುವುದಿಲ್ಲ. ಹಬ್ಬದೂಟ ಉಂಡ ಹಾಗಾಗಿತ್ತು.

ಮರುದಿನವೇ ಅಕ್ಕೋರ ಊರಿಗೆ ಬಸ್ಸು ಹತ್ತಿದೆ. ಅವರು ಹಾಸಿಗೆ ಹಿಡಿದಿದ್ದರು. ಕಿಡ್ನಿ ಕೈಕೊಟ್ಟಿತ್ತು. ಮೈ ಇಳಿದಿತ್ತು, ಕಣ್ಣು ಮಾತ್ರ ಅವೇ. "ಏನ್ ಮೇಡಂ, ದಾರಿ ತಪ್ಪೇತೇನು?" ಎಂದರು. ನಾನು ಕೂತದ್ದೇ ತಡ, ಹಾರ, ಬೆವರು, ಹಿಂದಿನ ಬೆಂಚು, ಎಲ್ಲ ಒಂದೂ ಬಿಡದೆ ಹೇಳಿದೆ. ಅವರ ಕಣ್ಣು ಅರಳಿತು. "ಎಷ್ಟ ಸಲ ಹಾಕಿದ?" "ಮೂರ ಸಲ ರೀ." "ಮೂರೂ ಸಲ ದಾಂಡೇಲಿಂದ?" ಕೆಮ್ಮು ಬರುವ ತನಕ ನಕ್ಕರು. ಅವರ ಮಗಳು ಓಡಿ ಬಂದು ಬೆನ್ನು ಸವರಿದಳು. ಇಷ್ಟು ವರ್ಷದ ಋಣ ತೀರಿತು ಎಂದುಕೊಂಡೆ.

ಕೆಮ್ಮು ನಿಂತ ಮೇಲೆ ಕೇಳಿದರು: "ಬಸ್ ಮುಂಡಗೋಡಕ್ಕ ಬಂದಿದ್ರ ಯಾರ ಹೆಸರ ಕಾಣ್ತಿತ್ತು?"

ಹೆಡ್ ಸರ್ ಹೆಸರೇ. ನಾನು ಅದನ್ನು ಬದಲಾಯಿಸಿರಲಿಲ್ಲ. ಲ್ಯಾಬಿನ ಬೀಗದ ಕೈ ನನ್ನ ಹತ್ತಿರ ಬಂದು ಎಷ್ಟೋ ವರ್ಷವಾಗಿತ್ತು, ಒಂದು ಗಂಟೆಯ ಕೆಲಸ. ಅವನ ಮುಖ ಕೆಡಿಸುವುದೊಂದೇ ನನ್ನ ತಲೆಯಲ್ಲಿತ್ತು. ಮೈಕು ಕೈಯಲ್ಲಿತ್ತು, ಆಗಲೂ ಅಕ್ಕೋರ ಹೆಸರು ನನ್ನ ಬಾಯಿಂದ ಬರಲಿಲ್ಲ.

"ಅಂವ ಬರಸ್ದ," ಎಂದರು ಅಕ್ಕೋರು, "ಬರದಾಕಿ ನೀ." ಗೋಡೆಯ ಕಡೆ ಹೊರಳಿದರು. ಅಲ್ಲಿಂದಲೇ ಮಗಳಿಗೆ ಹೇಳಿದರು: "ಮೇಡಮ್ಮಗ ಚಾ ಕೊಡು. ಸ್ಟೀಲ್ ಲೋಟದಾಗ ಕೊಡು."

ಮರುದಿನ ಬೆಳಿಗ್ಗೆ ಕಾಲೇಜು ತೆರೆಯುತ್ತಲೇ ಎಂಟನೆಯ ಬೋರ್ಡು ಬಿಚ್ಚಿ ಅವರ ಹೆಸರಿನ ಚುಕ್ಕಿಗಳನ್ನು ಮತ್ತೆ ತುಂಬಿದೆ. ಭಾನುವಾರ ಒಯ್ದು ತೋರಿಸೋಣ ಎಂದು ಎಂಟನ್ನೂ ಬಟ್ಟೆಯಲ್ಲಿ ಸುತ್ತಿಟ್ಟೆ. ಶುಕ್ರವಾರ ಅವರು ತೀರಿಕೊಂಡರು.

ಇದನ್ನು ಬರೆದು ಮುಗಿಸಿ, ಹೆಸರು ಹಾಕಲು ಅಪ್ಪಣೆ ಕೇಳೋಣ ಎಂದು ಅವರ ಮಗಳಿಗೆ ಓದಲು ಕೊಟ್ಟೆ. ಹೆಡ್ ಸರ್ ಹೆಸರು ಬರೆದು ಈ ಕಾಗದ ಕೆಡಿಸುವ ಇರಾದೆ ನನಗೆ ಮೊದಲಿನಿಂದಲೂ ಇರಲಿಲ್ಲ. ಅಕ್ಕೋರ ಹೆಸರು ಮಾತ್ರ ಮೇಲಿನಿಂದ ಕೆಳಗಿನ ತನಕ ಇತ್ತು. ಅವಳು ಪೂರ್ತಿ ಓದಿದಳು. ಹಾಳೆಗಳನ್ನು ಜೋಡಿಸಿ ನನ್ನ ಕೈಗೆ ವಾಪಸ್ ಕೊಟ್ಟಳು.

"ಅವ್ವ ಇದ್ದಾಗ ಅಳಿಸಿದ್ರಿ. ಈಗ ನಿಮ್ಮ ಮನಸಿನ ಸಮಾಧಾನಕ್ಕ ಬೇಕಾತೇನ್ರಿ? ಹಾಕಬ್ಯಾಡ್ರಿ."

ಅವಳ ಎದುರಿಗೇ ಕೂತು, ಪ್ರತಿ ಹಾಳೆಯಿಂದಲೂ ಆ ಹೆಸರನ್ನು ನಾನೇ ಹೊಡೆದು ಹಾಕಿದೆ.