ಗಂಡನ್ನ ಬಿಟ್ಟೋರ ಮನೆ

ಅವರ ಹತ್ತು ಬೆರಳ ತುದಿಯೂ ನೀಲಿ. ರಾಯದುರ್ಗದ ಜೀನ್ಸ್ ಯೂನಿಟ್ಟುಗಳಲ್ಲಿ ಇಪ್ಪತ್ತು ವರ್ಷ ಪ್ಯಾಂಟು ತಿರುವಿ ತಿರುವಿ ಹೊಲಿಗೆ ಚೆಕಿಂಗ್ ಮಾಡಿದ ಕೈ. ಯಾವ ಸೋಪಿಗೂ ಆ ಬಣ್ಣ ಬಗ್ಗಿರಲಿಲ್ಲ. ಆರು ವರ್ಷದ ಮಗಳನ್ನು ಕರೆದುಕೊಂಡು, ಬಸ್ಸು ಬದಲಿಸುತ್ತ, ಮಡಕಶಿರಾ ಕಡೆಯಿಂದ ನಾನು ಅವರ ಬಾಗಿಲಿಗೆ ಬಂದು ನಿಂತಾಗ ಆ ಬೆರಳುಗಳಲ್ಲೇ ನನ್ನ ರವಿಕೆಯ ತೋಳು ಸರಿಸಿ ನೋಡಿದರು. ಅಲ್ಲಿಯೂ ನೀಲಿಗಟ್ಟಿತ್ತು. “ಒಳಗ ಬಾರವ್ವ, ಕೂಸು ಹಸದೈತಿ” ಎಂದರು.

ನಾವೆಲ್ಲ ಅವರನ್ನು ಚೆಕಿಂಗಮ್ಮ ಎಂದೇ ಕರೆಯುತ್ತಿದ್ದೆವು. ಕೋಟೆಗುಡ್ಡದ ಕೆಳಗಿನ ಓಣಿಯಲ್ಲಿ ಅವರದೊಂದು ಉದ್ದನೆಯ ಮನೆ. ಮುಂದಿನ ಪಡಸಾಲೆಯಲ್ಲಿ ಆರು ಹೊಲಿಗೆ ಮಷೀನು. ಹಿಂದಿನ ಕೋಣೆಗಳಲ್ಲಿ ಏಟು ತಿಂದು ಬಂದ ಹೆಂಗಸರು, ಅವರ ಮಕ್ಕಳು. ಬಂದವಳಿಗೆ ಮೊದಲು ಊಟ, ಆಮೇಲೆ ಆಸ್ಪತ್ರೆ, ಅವಳು ಬೇಕೆಂದರೆ ಠಾಣೆ, ಕೊನೆಗೆ ಮಷೀನು. ಊರವರ ಬಾಯಲ್ಲಿ ಅದು ‘ಗಂಡ ಬಿಟ್ಟೋರ ಮನಿ’. ಹಾಗೆಂದವರನ್ನು ಅವರು ರಸ್ತೆಯಲ್ಲೇ ನಿಲ್ಲಿಸಿ ತಿದ್ದುತ್ತಿದ್ದರು. “ಗಂಡ ಬಿಟ್ಟೋರಲ್ರಿ, ಗಂಡನ್ನ ಬಿಟ್ಟೋರು. ನಡುವಿನ ಅಕ್ಷರ ಯಾಕ ನುಂಗ್ತೀರಿ?” ಕಿರಾಣಿ ಅಂಗಡಿಯವನಂತೂ ಹೆದರಿ ಸರಿಯಾಗಿ ಹೇಳಲು ಕಲಿತುಬಿಟ್ಟಿದ್ದ.

ಅಡುಗೆ ಮಾತ್ರ ಅವರಿಗೆ ಒಲಿದಿರಲಿಲ್ಲ. ಅವರು ತಟ್ಟಿದ ರೊಟ್ಟಿ ಒಂದೂ ದುಂಡಗಿರುತ್ತಿರಲಿಲ್ಲ. ನಾವು ನಕ್ಕರೆ, “ಹೊಟ್ಟ್ಯಾಗ ಹೋದ ಮ್ಯಾಲ ಯಾರು ಅಳತಿ ಹಿಡೀತಾರ?” ಎನ್ನುವರು. ಒಳ್ಳೆ ಮನೆತನ, ಒಳ್ಳೆ ಸಂಬಂಧ ಎಂದು ಯಾರಾದರೂ ಹೊಗಳಿದರೆ ಒಂದೇ ಮಾತು: “ಹೊರಗಿಂದ ಎಲ್ಲಾ ಪ್ಯಾಂಟೂ ಚಲೋನ ಕಾಣ್ತಾವು. ತಿರುವಿ ನೋಡಿದ್ರ ಗೊತ್ತಾಗ್ತೈತಿ.”

ನನ್ನ ಗಂಡನ ಮನೆಯೂ ಹೊರಗಿಂದ ಒಳ್ಳೆಯದೇ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕಣೆ. ಹುಳುವಿಗೆ ಹೊತ್ತು ಹೊತ್ತಿಗೆ ಸೊಪ್ಪು, ನನಗೆ ಹೊತ್ತು ಹೊತ್ತಿಗೆ ಏಟು. ಹುಳುವಿನ ಬಾಳೇ ವಾಸಿ. ಅದನ್ನು ಬೇಯಿಸುವುದು ಒಂದೇ ಸಲ.

ನಾನು ಬಂದ ಹತ್ತನೆಯ ದಿನ ಗಂಡ, ಅವನ ಅಣ್ಣ, ಊರಿನ ಹಿರಿಯರೊಬ್ಬರು ಕಾರು ಮಾಡಿಕೊಂಡು ನನ್ನನ್ನು ಕರೆದೊಯ್ಯಲು ಬಂದರು. ಚೆಕಿಂಗಮ್ಮ ಅವರನ್ನು ಪಡಸಾಲೆಯಲ್ಲಿ ಕೂರಿಸಿ, ನೀರು ಕೊಟ್ಟು, ನನ್ನನ್ನು ಎದುರಿಗೇ ಕೂರಿಸಿದರು. ಹಿರಿಯರು ತೆಲುಗಿನಲ್ಲಿ ಶುರುಮಾಡಿದರು. ಬುದ್ಧಿ ಹೇಳುವಾಗ ಆಂಧ್ರ ಗಡಿಯ ನಮ್ಮ ಕಡೆಯ ದೊಡ್ಡವರಿಗೆ ಕನ್ನಡ ಸಾಲುವುದಿಲ್ಲ. “ಆಡಪಿಲ್ಲ ಅನ್ನಾಕ ಸರ್ದುಕುಪೋವಾಲಮ್ಮಾ.” ಹೆಣ್ಣುಮಗಳು ಅಂದಮೇಲೆ ಹೊಂದಿಕೊಂಡು ಹೋಗಬೇಕಂತೆ.

ನಾನು ಚೆಕಿಂಗಮ್ಮನ ಮುಖ ನೋಡಿದೆ. ಕಿರಾಣಿ ಅಂಗಡಿಯವನನ್ನೂ ಬಿಡದ ಬಾಯಿ ಈಗ ಯಾಕೆ ಮುಚ್ಚಿದೆ? ಗಂಡನಿಗಿಂತ ಅವರ ಮೇಲೇ ನನಗೆ ಸಿಟ್ಟು ಬಂತು. ಅವರು ಪ್ಯಾಂಟೊಂದರ ದಾರದ ತುದಿ ಕತ್ತರಿಸುತ್ತ, “ಆಕಿನ ಕೇಳ್ರಿ. ಒಬ್ರ ಮಾತು ಇನ್ನೊಬ್ರು ಆಡಬಾರ್ದು” ಎಂದರು.

“ಏಮ್ಮಾ, ಸರ್ದುಕೋಲೇವಾ?” ಹೊಂದಿಕೊಳ್ಳಲಾರೆಯಾ ಎಂದು ಹಿರಿಯರು ನನ್ನತ್ತ ತಿರುಗಿದರು.

ತೆಲುಗಿನಲ್ಲಿ ಈ ಮಾತಿಗೆ ಎರಡು ಅರ್ಥ. ಹೊಂದಿಕೊಳ್ಳುವುದೂ ಸರ್ದುಕೊಳ್ಳುವುದೇ, ಬಟ್ಟೆಬರೆ ಚೀಲಕ್ಕೆ ತುಂಬಿಕೊಳ್ಳುವುದೂ ಸರ್ದುಕೊಳ್ಳುವುದೇ. ಏಳು ವರ್ಷ ಅದೇ ಮಾತು ಕೇಳಿದ್ದ ನನಗೆ ಎರಡನೆಯ ಅರ್ಥ ಹೊಳೆದದ್ದು ಆಗ.

“ಸರ್ದುಕೊಂಡೇ ಬಂದಿದ್ದೀನಲ್ಲ ತಾತ. ನಂದು ಎಲ್ಡು ಸೀರೆ, ಮಗೀದು ನಾಕು ಜೊತೆ ಬಟ್ಟೆ. ಅಲ್ಲಿ ಇನ್ನೇನೂ ಬಿಟ್ಟಿಲ್ಲ.”

ಮಷೀನುಗಳ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಗಂಡ ಎದ್ದು ನಿಂತ. “ಮಗೀನಾದ್ರೂ ಕಳ್ಸು. ನೀನು ಎಲ್ಲಾದ್ರೂ ಸಾಯಿ.”

“ಮಗೀನೂ ಕಳ್ಸಲ್ಲ, ನಾನು ಸಾಯೋದೂ ಇಲ್ಲ.”

ಅದು ನನ್ನದೇ ಗಂಟಲು ಎಂದು ನಂಬಲು ಹೊತ್ತು ಹಿಡಿಯಿತು. ಕಾರು ಹೋದ ಮೇಲೆ ಚೆಕಿಂಗಮ್ಮ ಹೇಳಿದರು: “ನಾ ಮಾತಾಡಿದ್ರ ನನ್ನ ಜೋಡಿ ಜಗಳಾಡಿ ಹೋಗಿ, ನಾಳೆ ಮತ್ತ ನಿನ್ನ ಹತ್ರಾನ ಬರ್ತಿದ್ರು.” ಆಮೇಲೆ ಕೋರ್ಟು ಕಚೇರಿ ಎಲ್ಲ ಆಯಿತು. ಮಗಳು ನನ್ನ ಹತ್ತಿರವೇ ಉಳಿದಳು. ನಾನು ಹೊಲಿಗೆ ಕಲಿತು ಅದೇ ಓಣಿಯಲ್ಲಿ ಮನೆ ಹಿಡಿದೆ.

ಹೋದ ವರ್ಷ ಸಕ್ಕರೆ ಕಾಯಿಲೆ ಹೆಚ್ಚಾಗಿ ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ದೇಹ ಮನೆಗೆ ತಂದ ಬೆಳಿಗ್ಗೆ ಬೆಳುಗುಪ್ಪ ಕಡೆಯಿಂದ ಮುದುಕನೊಬ್ಬ ನಾಲ್ವರು ಗಂಡಸರ ಜೊತೆ ಬಂದ. ಕೈಯಲ್ಲಿ ಹಸಿರು ಸೀರೆ, ಬಳೆ, ಕುಂಕುಮ. “ಈಕಿ ನನ್ನ ಹೆಂಡ್ತಿ ರೀ. ಮುತ್ತೈದಿಯಾಗಿ ಹೋಗ್ಯಾಳ. ನಮ್ಮೂರಿಗೆ ಒಯ್ದು ಮಣ್ಣು ಮಾಡ್ತೀವಿ.”

ಅವರ ಗಂಡ ಬದುಕಿದ್ದಾನೆಂಬುದೇ ನಮಗೆ ಗೊತ್ತಿರಲಿಲ್ಲ. ಎಲ್ಲರ ಸಂಸಾರ ಕೇಳಿದವರು ತಮ್ಮದನ್ನು ಒಂದು ದಿನವೂ ಹೇಳಿರಲಿಲ್ಲ. ಈಗ ಹೇಳುವ ಹಾಗೂ ಇರಲಿಲ್ಲ. ಒಬ್ಬರ ಮಾತು ಇನ್ನೊಬ್ಬರು ಆಡಬಾರದು ನಿಜ. ಆ ದಿನ ನಾನು ಆಡಿದೆ, ತಪ್ಪೆನ್ನುವವರು ಎನ್ನಲಿ.

“ಜೀವ ಇದ್ದಾಗ ಅವ್ರು ತಾವಾಗಿ ನಿಮ್ಮ ಮನೆಗೆ ಬರ್ಲಿಲ್ಲ, ಈಗ ನಾವಾಗಿ ಕಳ್ಸಲ್ಲ. ಮುಖ ನೋಡ್ಬೇಕು ಅಂದ್ರೆ ಚಪ್ಪಲಿ ಬಿಟ್ಟು ಒಳಕ್ಕೆ ಬನ್ನಿ. ಆ ಸೀರೆ ಆಚೇಲೇ ಇರ್ಲಿ.”

ಮುದುಕ ಸೀರೆ ಹಿಡಿದೇ ಬಾಗಿಲಾಚೆ ನಿಂತ. ಹೊಸ್ತಿಲು ದಾಟಲಿಲ್ಲ.

ಚಟ್ಟದ ಮುಂದಿನ ಒಂದು ಕಡೆ ನಾನು, ಇನ್ನೊಂದು ಕಡೆ ನನ್ನೆತ್ತರಕ್ಕೆ ಬೆಳೆದ ಮಗಳು. ಹೆಂಗಸರು ಹೆಗಲು ಕೊಡುವುದುಂಟೇ ಎಂದು ಓಣಿಯವರು ಗೊಣಗಿದರು. ದಾರಿ ದೂರ, ಬಿಸಿಲು. ಅರ್ಧ ದಾರಿಯಲ್ಲಿ ಮುದುಕನ ಕಡೆಯವನೊಬ್ಬ ಹತ್ತಿರ ಬಂದು, “ಸಾಕಾಗೇತಿ ನಿಮಗ. ಇಲ್ಲಿ ಕೊಡ್ರಿ” ಎಂದ. ನಾನು ಹಿಂದಕ್ಕೆ ತಿರುಗಿ ನೋಡಿದೆ. ಆ ಮನೆಯಲ್ಲಿ ಇದ್ದು ಹೋದವರೆಲ್ಲ, ಗುಮ್ಮಘಟ್ಟದಿಂದ, ಎಲ್ಲೆಲ್ಲಿಂದಲೋ ಆಟೋ ಹಿಡಿದು ಬಂದವರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ರಸ್ತೆ ತುಂಬ ನಡೆದು ಬರುತ್ತಿದ್ದರು.

“ಬ್ಯಾಡಪ್ಪ,” ಎಂದೆ. “ನಮ್ಮೋರಿಗೇ ಇನ್ನೂ ಸರದಿ ಬಂದಿಲ್ಲ.”