ಮದುಮಗಳ ಕಾಂಟೆಸಾ, ತಾಯಿಯ ಎಸ್ಟೀಮ್

ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಗೆ ಇನ್ನೂ ಬೆಳಕು ಹರಿದಿಲ್ಲ. ತಗಡಿನ ಶೆಡ್ಡಿನಲ್ಲಿ ಗಯಾಜ್ ಎರಡು ಹಳೆಯ ಕಾರುಗಳನ್ನು ಒಂದಾದ ಮೇಲೊಂದರಂತೆ ಚಾಲೂ ಮಾಡಿ ಕಿವಿಗೊಡುತ್ತಾರೆ. ಉದ್ದನೆಯ ಕಾಂಟೆಸಾ ಗಂಟಲು ಸರಿಪಡಿಸಿಕೊಂಡು ಏಳುವ ಹಿರಿಯನಂತೆ. ಮಗ್ಗುಲಿನ ಪುಟ್ಟ ಎಸ್ಟೀಮ್ ಕರೆದ ಕೂಡಲೇ ಓಗೊಡುತ್ತದೆ.

ಶೆಡ್ಡನ್ನು ಈ ವಾರ ಖಾಲಿ ಮಾಡಬೇಕು. ಬೈಯಪ್ಪನಹಳ್ಳಿಯ ಅವರ ಬಾಡಿಗೆ ಮನೆಯ ಮುಂದೆ ನಿಲ್ಲುವುದು ಒಂದೇ ಕಾರು. ಇನ್ನೊಂದನ್ನು ಕೊಳ್ಳಲು ಕೆ.ಆರ್. ಪುರದ ನರೇಶ್ ಇವತ್ತು ಬರುತ್ತಾರೆ. ಯಾವುದನ್ನು ಕೊಡುವುದೆಂದು ಗಯಾಜ್ ಇನ್ನೂ ಬಾಯಿ ಬಿಟ್ಟಿಲ್ಲ, ಅವರ ಬಗ್ಗೆ ಬರೆಯಲು ಬಂದಿರುವ ನನ್ನ ಬಳಿಯೂ.

ನನ್ನಜ್ಜಿಯ ಕಥೆಗಳಲ್ಲಿ ರಾಜಕುಮಾರಿ ಸಾರೋಟು ಹತ್ತಿದರೆ ಕಥೆ ಮುಗಿಯುತ್ತಿತ್ತು. ಬೀಳ್ಕೊಟ್ಟ ತಾಯಿ ಮನೆಗೆ ಹೇಗೆ ಮರಳಿದಳೆಂದು ಅಜ್ಜಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಗಯಾಜ್ ದಂಪತಿಯ ದುಡಿಮೆ ಇದ್ದದ್ದೇ ಅಲ್ಲಿ. ಗಯಾಜ್ ಕಾಂಟೆಸಾದಲ್ಲಿ ಮದುಮಗಳನ್ನು ಗಂಡನ ಮನೆಗೆ ಬಿಟ್ಟರೆ, ಜೊತೆಗೆ ಬಂದ ತಾಯಿಯನ್ನು ಹೆಂಡತಿ ಜಹನಾರಾ ಎಸ್ಟೀಮಿನಲ್ಲಿ ವಾಪಸ್ ಮನೆ ಮುಟ್ಟಿಸುತ್ತಿದ್ದರು. ಹೋದ ರಂಜಾನಿಗೆ ಮುಂಚೆ ಜಹನಾರಾ ತೀರಿಕೊಂಡರು. ಅಂದಿನಿಂದ ಎಸ್ಟೀಮ್ ದಿನಾ ಚಾಲೂ ಆಗುತ್ತದೆ, ಗಲ್ಲಿ ದಾಟುವುದಿಲ್ಲ.

ಮದುವೆ ಕಾರಿಗೆ ಹೂ ಕಟ್ಟುವ ಸುಭದ್ರಮ್ಮ ಸೇವಂತಿಗೆ ಬುಟ್ಟಿ ಇಳಿಸಿ ರೇಗಿಸುತ್ತಾರೆ: "ಏನ್ ಭಾಯ್, ಇಬ್ಬರು ಹೆಂಡ್ತೀರ ಮಧ್ಯೆ ಸಿಕ್ಕಾಕೊಂಡಂಗೆ ನಿಂತಿದೀರಾ? ದೊಡ್ಡದನ್ನ ಇಟ್ಕೊಳ್ಳಿ. ಚಿಕ್ಕದಕ್ಕೆ ಹೂ ಯಾರ್ ಕಟ್ಟಿಸ್ತಾರೆ?"

"ದೊಡ್ಡದು ಲೀಟರ್‌ಗೆ ಎಂಟು ಓಡಿದ್ರೆ ಹೆಚ್ಚು, ಚಿಕ್ಕದು ಹದಿನಾಲ್ಕು."

"ಬರೀ ಪೆಟ್ರೋಲ್ ವಿಷಯನಾ?"

ಗಯಾಜ್ ಬಟ್ಟೆಗೆ ಕೈ ಒರೆಸಿಕೊಳ್ಳುತ್ತಾರೆ. "ದೊಡ್ಡದನ್ನ ಹಿಂದಿನ ಚಕ್ರ ತಳ್ಳುತ್ತೆ ಅಕ್ಕ. ಹಿಂದೆ ಜನ ಕೂತಿದ್ರೆ ರೋಡು ಕಚ್ಕೊಂಡು ಹೋಗುತ್ತೆ. ಹುಡುಗೀನ ಇಳಿಸಿ ಮಳೇಲಿ ಖಾಲಿ ಬರ್ಬೇಕಾದ್ರೆ ಹಿಂಭಾಗ ಜಾರುತ್ತೆ. ಚಿಕ್ಕದನ್ನ ಮುಂದಿನ ಚಕ್ರ ಎಳೆಯುತ್ತೆ, ಇಂಜಿನ್ ಭಾರಾನೂ ಅದ್ರ ಮೇಲೇ. ಒಬ್ರೇ ಇದ್ರೂ ನೆಟ್ಟಗೆ ಬರುತ್ತೆ."

ಸುಭದ್ರಮ್ಮ ದಾರಕ್ಕೆ ಗಂಟು ಹಾಕುತ್ತಾರೆ.

ನರೇಶ್ ಬಂದವರೇ ಎಸ್ಟೀಮಿನ ಬಾಗಿಲು ತೆಗೆಯುತ್ತಾರೆ. ಗಯಾಜ್ ಅವರ ಕೈಗಿಡುವುದು ಕಾಂಟೆಸಾದ ಕೀ.

"ತಮಾಷೆ ಮಾಡ್ತಿಲ್ಲ ತಾನೆ ಭಾಯ್? ಆರ್ಡರೆಲ್ಲ ಬರೋದು ಇದಕ್ಕೇ ಅಲ್ವಾ?"

"ಆರ್ಡರೂ ನಿಮ್ಗೇ ಕಳಿಸ್ತೀನಿ. ಖಾಲಿ ಬರೋವಾಗ ಮಾತ್ರ ನಿಧಾನ."

ಕಾಂಟೆಸಾ ಗಲ್ಲಿಯ ತಿರುವಿನಲ್ಲಿ ಮರೆಯಾಗುತ್ತದೆ. ಶೆಡ್ಡಿನಲ್ಲಿ ಇಷ್ಟು ಜಾಗವಿತ್ತೆಂದು ಈಗ ತಿಳಿಯುತ್ತದೆ. ಇನ್ನು ಹೊಟ್ಟೆಪಾಡಿಗೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ.

"ತಾಯಂದಿರನ್ನ ವಾಪಸ್ ಬಿಡ್ತೀನಿ. ಭಾನುವಾರ ಹಲಸೂರಿನ ಮದುವೆ ಒಂದಿದೆ. ಜಹನಾರಾ ಮನೆ ಹತ್ರ ಬಂದ್ರೂ ಸೀದಾ ಇಳಿಸ್ತಿರ್ಲಿಲ್ಲ, ಕೆರೆ ಕಡೆ ಇನ್ನೊಂದು ರೌಂಡ್ ಹೊಡೀತಿದ್ಲು. ಅಕ್ಕಪಕ್ಕದೋರು ನೋಡೋ ಮುಂಚೆ ಮುಖ ಒಣಗ್ಲಿ ಅಂತ." ಅವರು ಡ್ರೈವರ್ ಸೀಟನ್ನು ಹಿಂದಕ್ಕೆ ಸರಿಸಿ ತಮ್ಮ ಕಾಲಿಗೆ ಹೊಂದಿಸಿಕೊಳ್ಳುತ್ತಾರೆ. "ಗಂಡಸಿನ ಗಾಡೀಲಿ ಅಳ್ತಾರೋ ಇಲ್ವೋ ಗೊತ್ತಿಲ್ಲಮ್ಮ. ನಾನಂತೂ ರೌಂಡ್ ಹೊಡೀತೀನಿ."